ಮತಯಂತ್ರದ ನೆನಪು ಎಷ್ಟು ಭದ್ರ? – ಒಂದು ಸಂಶೋಧನ ಪ್ರಬಂಧದ ವಿಮರ್ಶೆ

ಚುನಾವಣೆ ಬಂತೆಂದರೆ ನಮ್ಮ ಶಾಲಾ ಶಿಕ್ಷಕರಿಗೆ ಎರಡು ದಿನ ಬೇರೆಯದೇ ಕೆಲಸ. ಮಸ್ಟರಿಂಗ್ ಕೇಂದ್ರಕ್ಕೆ ಹೋಗಿ ಮತಯಂತ್ರ ಪಡೆಯಬೇಕು, ಗೊತ್ತುಪಡಿಸಿದ ಮತಗಟ್ಟೆಗೆ ಒಯ್ಯಬೇಕು, ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ನಡೆಸಬೇಕು, ಸಂಜೆ 'ಕ್ಲೋಸ್' ಗುಂಡಿ ಒತ್ತಿ, ಮೊಹರು ಹಾಕಿ ಹಿಂದಿರುಗಿಸಬೇಕು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಾಗಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಾಗಲಿ ಕ್ರಮ ಒಂದೇ. ಆ 'ಕ್ಲೋಸ್' ಗುಂಡಿ ಒತ್ತಿದ ಗಳಿಗೆಯಿಂದ ಎಣಿಕೆಯ ಮೇಜಿನವರೆಗೆ ಆ ಊರಿನವರ ತೀರ್ಪು ಉಳಿದಿರುವುದು ಎಲ್ಲಿ? ಉಗುರಿನಷ್ಟೇ ಅಗಲದ ಸ್ಮೃತಿ ಚಿಪ್‌ನಲ್ಲಿ. ಅದನ್ನು ಬರಿಗಣ್ಣಿನಿಂದ ಓದಲಾಗದು. ಅದು ಹೇಳಿದ್ದನ್ನು ನಾವು ನಂಬಬೇಕು.

ಈ ನಂಬಿಕೆಗೆ ಆಧಾರವೇನು ಎಂದು ಪ್ರಯೋಗದ ಮೂಲಕ ಕೇಳಿದ ಒಂದು ಪ್ರಬಂಧ 2010ರಲ್ಲಿ ಪ್ರಕಟವಾಯಿತು. 'ಭಾರತದ ವಿದ್ಯುನ್ಮಾನ ಮತಯಂತ್ರಗಳ ಭದ್ರತಾ ವಿಶ್ಲೇಷಣೆ' ಎಂಬುದು ಅದರ ಶೀರ್ಷಿಕೆಯ ಅರ್ಥ. ಹೈದರಾಬಾದಿನ ಹರಿ ಪ್ರಸಾದ್, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್, ನೆದರ್ಲೆಂಡ್ಸ್‌ನ ರೋಪ್ ಗೋಂಗ್ರೈಪ್ ಮತ್ತು ಅವರ ಸಂಗಡಿಗರು ಅದರ ಲೇಖಕರು. ಆ ವರ್ಷದ ಏಪ್ರಿಲ್‌ನಲ್ಲಿ ಸಾರಾಂಶ ಹೊರಬಂತು. ಅಕ್ಟೋಬರ್‌ನಲ್ಲಿ ಷಿಕಾಗೋದಲ್ಲಿ ನಡೆದ ಕಂಪ್ಯೂಟರ್ ಭದ್ರತೆಯ ಸಮ್ಮೇಳನದಲ್ಲಿ ಪೂರ್ಣ ಪ್ರಬಂಧ ಮಂಡನೆಯಾಯಿತು. ಅದರ ಬಗ್ಗೆ ರಾಜಕೀಯ ವೇದಿಕೆಗಳಲ್ಲಿ ಬೇಕಾದಷ್ಟು ಮಾತಾಗಿದೆ. ಒಪ್ಪುವವರೂ ಅಲ್ಲಗಳೆಯುವವರೂ ಅದನ್ನು ಓದಿದ್ದು ಕಡಿಮೆ. ಅದನ್ನು ವಿಜ್ಞಾನದ ಒಂದು ಕೃತಿಯಾಗಿ ಓದಿ, ಅದು ಸಾಧಿಸಿದ್ದೇನು, ಸಾಧಿಸದೆ ಉಳಿಸಿದ್ದೇನು ಎಂದು ತೂಗಿ ನೋಡುವುದು ಈ ಲೇಖನದ ಉದ್ದೇಶ. ಕರ್ನಾಟಕದವರಿಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿ.ಇ.ಎಲ್.), ಇನ್ನೊಂದು ಹೈದರಾಬಾದಿನ ಇ.ಸಿ.ಐ.ಎಲ್.

ಯಂತ್ರದೊಳಗಿನ ಎರಡು ಸ್ಮೃತಿಗಳು

ಮತಯಂತ್ರದಲ್ಲಿ ಎರಡು ಘಟಕಗಳಿವೆ. ಮತದಾರರು ಗುಂಡಿ ಒತ್ತುವುದು ಮತದಾನ ಘಟಕದಲ್ಲಿ. ಮತಗಟ್ಟೆ ಅಧಿಕಾರಿಯ ಮೇಜಿನ ಮೇಲಿರುವುದು ನಿಯಂತ್ರಣ ಘಟಕ. ಲೆಕ್ಕ ಉಳಿಯುವುದು ಈ ಎರಡನೆಯದರಲ್ಲಿ. ಅದರೊಳಗೆ ಸ್ಮೃತಿ ಎರಡು ಬಗೆಯದು. ಯಂತ್ರ ಹೇಗೆ ನಡೆದುಕೊಳ್ಳಬೇಕೆಂಬ ಆದೇಶಗಳ ಸರಣಿ, ಅಂದರೆ ತಂತ್ರಾಂಶ, ಮೈಕ್ರೋಕಂಟ್ರೋಲರ್ ಚಿಪ್‌ನ ಒಳಗೇ ಇರುತ್ತದೆ. ಅದನ್ನು ಒಮ್ಮೆ ಬರೆದರೆ ಬದಲಿಸಲಾಗದು. ಶಿಲಾಶಾಸನದಂತೆ ಎನ್ನಬಹುದು, ಆದರೆ ಹೊರಗಿನವರು ಓದಲಾಗದ ಶಾಸನ. ಚಲಾವಣೆಯಾದ ಮತಗಳು ಇರುವುದು ಬೇರೆ ಸ್ಮೃತಿಯಲ್ಲಿ. ಪ್ರಬಂಧದ ಲೇಖಕರು ಪರೀಕ್ಷಿಸಿದ ಯಂತ್ರದಲ್ಲಿ ಇದು ಈಪ್ರಾಮ್ ಎಂಬ ಜಾತಿಯ ಚಿಪ್ಪುಗಳಲ್ಲಿತ್ತು. ಇದನ್ನು ವಿದ್ಯುತ್ತಿನಿಂದಲೇ ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು.

ಈಪ್ರಾಮ್ ನೆನಪಿಟ್ಟುಕೊಳ್ಳುವ ಬಗೆ ಸ್ವಾರಸ್ಯಕರ. ಅದರ ಪ್ರತಿಯೊಂದು ಕೋಶದಲ್ಲಿಯೂ ಒಂದು ಟ್ರಾನ್ಸಿಸ್ಟರ್ ಇದೆ. ಆ ಟ್ರಾನ್ಸಿಸ್ಟರಿನಲ್ಲಿ ಸುತ್ತಲೂ ಅವಾಹಕದಿಂದ ಮುಚ್ಚಿದ ಒಂದು ಚಿಕ್ಕ ದ್ವೀಪವಿದೆ. ಸಾಕಷ್ಟು ವೋಲ್ಟೇಜ್ ಕೊಟ್ಟಾಗ ಎಲೆಕ್ಟ್ರಾನುಗಳು ಅತಿ ತೆಳುವಾದ ಆಕ್ಸೈಡ್ ಪದರದ ಮೂಲಕ ನುಸುಳಿ ಆ ದ್ವೀಪವನ್ನು ಸೇರುತ್ತವೆ. ವೋಲ್ಟೇಜ್ ತೆಗೆದ ಮೇಲೆ ಅವು ಅಲ್ಲೇ ಸಿಕ್ಕಿಬೀಳುತ್ತವೆ. ಎಲೆಕ್ಟ್ರಾನುಗಳು ಇವೆಯೇ ಇಲ್ಲವೇ ಎಂಬುದೇ ಒಂದು ಬಿಟ್. ಬ್ಯಾಟರಿ ತೆಗೆದರೂ ಅವು ವರ್ಷಗಟ್ಟಲೆ ಉಳಿಯುತ್ತವೆ. ಕರೆಂಟು ಬಂದು ಹೋಗುವ ಹಳ್ಳಿಗಳಲ್ಲಿ ಬ್ಯಾಟರಿಯಿಂದಲೇ ನಡೆಯಬೇಕಾದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಸ್ಮೃತಿ ಬೇಕಿಲ್ಲ.

ಆದರೆ ನೆನಪು ಉಳಿಯುವುದು ಬೇರೆ, ನೆನಪು ಕಾಯುವುದು ಬೇರೆ. ಮೈಕ್ರೋಕಂಟ್ರೋಲರಿಗೂ ಈಪ್ರಾಮಿಗೂ ನಡುವೆ ಇದ್ದುದು ಎರಡೇ ಸಂಜ್ಞಾತಂತಿಗಳು: ಒಂದು ದತ್ತಕ್ಕೆ, ಇನ್ನೊಂದು ತಾಳ ಹಾಕುವ ಗಡಿಯಾರಕ್ಕೆ. ಈ ಪದ್ಧತಿ ಸರಳ, ಅಗ್ಗ. ಗೃಹೋಪಯೋಗಿ ಸಾಧನಗಳಲ್ಲೂ ಸಾಮಾನ್ಯ. ಇದರಲ್ಲಿ ಬರೆಯಲು ಆದೇಶ ಕೊಟ್ಟವರು ಯಾರು ಎಂದು ಚಿಪ್ ಕೇಳುವುದಿಲ್ಲ. ಆ ತಂತಿಗಳಿಗೆ ಕೈ ಹಾಕಿದವರೆಲ್ಲ ಅದಕ್ಕೆ ಯಜಮಾನರೇ.

ಲೇಖಕರು ಮಾಡಿದ್ದು ಇಷ್ಟು. ಅಂಗಿಯ ಜೇಬಿಗೆ ಹಿಡಿಸುವ ಒಂದು ಕ್ಲಿಪ್ ತಯಾರಿಸಿದರು. ನಿಯಂತ್ರಣ ಘಟಕವನ್ನು ತೆರೆದು ಸ್ಮೃತಿ ಚಿಪ್ಪಿನ ಕಾಲುಗಳಿಗೆ ಅದನ್ನು ಕಚ್ಚಿಸಿದರು. ಯಾವ ಅಭ್ಯರ್ಥಿಗೆ ಅನುಕೂಲವಾಗಬೇಕೆಂದು ಕ್ಲಿಪ್ಪಿನ ಮೇಲಿನ ತಿರುಗುಗುಂಡಿಯಲ್ಲಿ ಆರಿಸಿದರೆ ಸಾಕು, ಅದು ದಾಖಲಾಗಿದ್ದ ಮತಗಳನ್ನು ಓದಿ, ಕೆಲವನ್ನು ಆ ಅಭ್ಯರ್ಥಿಯ ಹೆಸರಿಗೆ ಬದಲಿಸಿ ಬರೆಯುತ್ತಿತ್ತು. ಒಟ್ಟು ಮತಗಳ ಸಂಖ್ಯೆ ಬದಲಾಗುತ್ತಿರಲಿಲ್ಲ. ಮತಗಟ್ಟೆಯಲ್ಲಿ ಏಜೆಂಟರಿಗೆ ಕೊಡುವ 17ಸಿ ನಮೂನೆಯಲ್ಲಿ ನಮೂದಾಗುವುದು ಒಟ್ಟು ಸಂಖ್ಯೆ ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು. ಆ ತಾಳೆಯಿಂದ ಈ ಬದಲಾವಣೆ ಸಿಕ್ಕಿಬೀಳುವುದಿಲ್ಲ. ಇನ್ನೊಂದು ಅಂಶವೂ ಉಂಟು. ಮತಗಳು ಚಲಾವಣೆಯಾದ ಕ್ರಮದಲ್ಲೇ, ಗೂಢಲಿಪಿಯಿಲ್ಲದೆ ದಾಖಲಾಗಿದ್ದವು. ಸರತಿಯ ಪಟ್ಟಿ ಕೈಯಲ್ಲಿದ್ದರೆ ಯಾರು ಯಾರಿಗೆ ಹಾಕಿದರೆಂದು ಹೇಳಬಹುದಿತ್ತು. ಇದು ಗೆಲುವು ಸೋಲಿಗಿಂತ ದೊಡ್ಡ ಸಂಗತಿ. ನೂರಿನ್ನೂರು ಮನೆಗಳ ಹಳ್ಳಿಯಲ್ಲಿ ಮತದ ಗೋಪ್ಯತೆ ಹೋಯಿತೆಂದರೆ ಮತದಾನದ ಅರ್ಥವೇ ಹೋದಂತೆ.

ಎರಡನೆಯ ಪ್ರಯೋಗದಲ್ಲಿ ಅವರು ಸ್ಮೃತಿಯನ್ನು ಮುಟ್ಟಲೇ ಇಲ್ಲ. ಫಲಿತಾಂಶ ತೋರಿಸುವ ಅಂಕಿ ಫಲಕವನ್ನು ನೋಡಲು ಅದರಂತೆಯೇ ಇರುವ, ಆದರೆ ಒಳಗೆ ಬೇರೆ ಮೈಕ್ರೋಕಂಟ್ರೋಲರ್ ಅಡಗಿಸಿದ ಫಲಕದಿಂದ ಬದಲಿಸಿದರು. ಸ್ಮೃತಿಯಲ್ಲಿ ಸತ್ಯ ಉಳಿದಿದ್ದರೂ ಅದನ್ನು ಓದಿ ಹೇಳುವ ಬಾಯಿ ಸುಳ್ಳು ಹೇಳುವಂತಾಯಿತು.

ಪ್ರಬಂಧದ ಬಲ

ಈ ಕೃತಿಯ ಮೊದಲ ಗುಣ ಅದರ ಮೂರ್ತತೆ. ಅದಕ್ಕಿಂತ ಹಿಂದೆ ಮತಯಂತ್ರದ ವಾದವೆಲ್ಲ 'ಆಗಬಹುದು', 'ಆಗಲಾರದು' ಎಂಬ ಮಾತುಗಳಲ್ಲೇ ಸುತ್ತುತ್ತಿತ್ತು. ಯಂತ್ರದ ಒಳರಚನೆಯ ಚಿತ್ರ, ಬಿಡಿಭಾಗಗಳ ವಿವರ, ಕ್ಲಿಪ್ಪಿನ ಛಾಯಾಚಿತ್ರ ಎಲ್ಲವನ್ನೂ ಮುಂದಿಟ್ಟು, ಹೀಗೆ ಮಾಡಿದೆವು, ಹೀಗಾಯಿತು ಎಂದು ಲೇಖಕರು ಹೇಳಿದ್ದಾರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ವಿದ್ಯಾರ್ಥಿಯೂ ಅದನ್ನು ಅನುಸರಿಸಬಲ್ಲ. ವಿಜ್ಞಾನದಲ್ಲಿ ಪ್ರಾಮಾಣಿಕತೆಯ ಲಕ್ಷಣ ಇದೇ: ಬೇರೆಯವರು ಮಾಡಿ ನೋಡಲು ಬರುವಂತೆ ಹೇಳುವುದು.

ಎರಡನೆಯ ಗುಣ, ಯಂತ್ರದ ಸದ್ಗುಣವೆಂದು ಎಲ್ಲರೂ ಹೊಗಳುತ್ತಿದ್ದುದನ್ನೇ ಅದು ಪ್ರಶ್ನಿಸಿದ ರೀತಿ. ತಂತ್ರಾಂಶವನ್ನು ಚಿಪ್‌ನಿಂದ ಹೊರತೆಗೆದು ಓದಲಾಗದು, ಆದ್ದರಿಂದ ಭದ್ರ ಎಂಬುದು ಅಧಿಕೃತ ವಾದ. ಓದಲಾಗದು ಎಂದ ಮೇಲೆ ಅದರೊಳಗೆ ಬರೆದಿರುವುದು ಒಪ್ಪಿಗೆಯಾದ ತಂತ್ರಾಂಶವೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂದು ಪ್ರಬಂಧ ಕೇಳುತ್ತದೆ. ಕಳ್ಳನ ಮುಖಕ್ಕೆ ಮುಚ್ಚಿದ ಬಾಗಿಲು ಕಾವಲುಗಾರನ ಮುಖಕ್ಕೂ ಮುಚ್ಚಿದೆ. ಈ ಪ್ರಶ್ನೆಗೆ ಇಂದಿಗೂ ಪೂರ್ಣ ಉತ್ತರ ದೊರೆತಿಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಇಲ್ಲಿ ಲೇಖಕರ ಹಿನ್ನೆಲೆಯನ್ನೂ ಹೇಳಬೇಕು. ಗೋಂಗ್ರೈಪ್ ಮತ್ತು ಸಂಗಡಿಗರು 2006ರಲ್ಲಿ ತಮ್ಮ ದೇಶದ ಮತಯಂತ್ರಗಳ ದೌರ್ಬಲ್ಯವನ್ನು ಹೀಗೆಯೇ ತೋರಿಸಿದ್ದರು; ಕೊನೆಗೆ ನೆದರ್ಲೆಂಡ್ಸ್ ಕಾಗದದ ಮತಪತ್ರಕ್ಕೆ ಮರಳಿತು. ಹಾಲ್ಡರ್‌ಮನ್ 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಸಂಶೋಧನೆಯ ತಂಡದಲ್ಲಿದ್ದವರು. ಕಂಪ್ಯೂಟರ್ ಆರಿಸಿದೊಡನೆ ಅದರ ತಾತ್ಕಾಲಿಕ ಸ್ಮೃತಿ ಅಳಿಸಿಹೋಗುತ್ತದೆಂದು ಬಹುಮಂದಿ ನಂಬಿದ್ದರು. ಚಿಪ್ಪನ್ನು ತಂಪುಮಾಡಿದರೆ ಅದರಲ್ಲಿನ ರಹಸ್ಯ ಕೀಲಿಗಳು ನಿಮಿಷಗಟ್ಟಲೆ ಉಳಿಯುತ್ತವೆಂದು ಆ ತಂಡ ತೋರಿಸಿತು. ಹೀಗೆ ಸ್ಮೃತಿ ಚಿಪ್ಪುಗಳ ಬಗ್ಗೆ ನಮಗಿರುವ ಸುಖದ ನಂಬಿಕೆಗಳನ್ನು ಪರೀಕ್ಷಿಸುವುದು ಈ ಸಂಶೋಧಕರಿಗೆ ಹೊಸತಾಗಿರಲಿಲ್ಲ.

ಪ್ರಬಂಧದ ಮಿತಿಗಳು

ಮೆಚ್ಚುವಷ್ಟು ಮೆಚ್ಚಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಮಾದರಿಯ ಗಾತ್ರ. ಅನಾಮಧೇಯ ಮೂಲದಿಂದ ಬಂದ ಒಂದೇ ಯಂತ್ರದ ಮೇಲೆ ಈ ಪರೀಕ್ಷೆ ನಡೆಯಿತು. ಒಂದು ಯಂತ್ರದ ವಿನ್ಯಾಸದಲ್ಲಿ ದೋಷವಿದ್ದರೆ ಅದೇ ವಿನ್ಯಾಸದ ಎಲ್ಲ ಯಂತ್ರಗಳಲ್ಲೂ ಇರುತ್ತದೆ ಎಂಬ ಮಾತು ಸರಿ. ಆದರೆ ಮತಯಂತ್ರಗಳಿಗೆ ಪೀಳಿಗೆಗಳಿವೆ. 2006ರ ಹಿಂದಿನವು, 2006ರಿಂದ 2010ರವರೆಗಿನವು, 2013ರ ನಂತರದವು ಬೇರೆ ಬೇರೆ. ಕೊನೆಯ ಪೀಳಿಗೆಯಲ್ಲಿ ಘಟಕಗಳು ಪರಸ್ಪರ ಗುರುತು ಪರೀಕ್ಷಿಸಿಕೊಳ್ಳುತ್ತವೆ, ತೆರೆಯಲು ಯತ್ನಿಸಿದರೆ ಯಂತ್ರ ನಿಷ್ಕ್ರಿಯವಾಗುತ್ತದೆ ಎಂದು ಚುನಾವಣಾ ಆಯೋಗ ಹೇಳುತ್ತದೆ. 2010ರ ಕ್ಲಿಪ್ಪನ್ನು ಇಂದಿನ ಯಂತ್ರದ ವಿರುದ್ಧ ಪುರಾವೆಯಾಗಿ ಎತ್ತಿ ಹಿಡಿಯುವವರು ಈ ಅಂತರವನ್ನು ಮರೆಯುತ್ತಾರೆ.

ಎರಡನೆಯದು ಪ್ರಮಾಣದ ಪ್ರಶ್ನೆ. ಕ್ಲಿಪ್ ಕೆಲಸ ಮಾಡಬೇಕಾದರೆ ಒಂದೊಂದು ಯಂತ್ರವನ್ನೂ ಮೊಹರು ಒಡೆದು, ತೆರೆದು, ಮತ್ತೆ ಮುಚ್ಚಿ, ಮೊಹರನ್ನು ನಕಲು ಮಾಡಬೇಕು. ಅಷ್ಟನ್ನೂ ಮತದಾನ ಮುಗಿದು ಎಣಿಕೆ ಆರಂಭವಾಗುವುದರೊಳಗೆ, ಕಾವಲಿರುವ ಭದ್ರತಾ ಕೊಠಡಿಯಲ್ಲಿ ಮಾಡಬೇಕು. 2004ರ ಲೋಕಸಭಾ ಚುನಾವಣೆಯಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳು ಬಳಕೆಯಾಗಿದ್ದವು. ಅರಗು, ದಾರ, ಸಹಿ ಹಾಕಿದ ಕಾಗದ ಇವು ದುರ್ಬಲ ಮೊಹರುಗಳೆಂದು ಲೇಖಕರು ಹೇಳುವುದು ನಿಜ. ಆದರೆ ಭದ್ರತೆ ಮೊಹರಿನಲ್ಲಿ ಮಾತ್ರ ಇಲ್ಲ. ಪರಸ್ಪರ ನಂಬದ ನಾಲ್ಕಾರು ಪಕ್ಷಗಳ ಏಜೆಂಟರು ಅದನ್ನು ನೋಡುತ್ತಿರುತ್ತಾರೆ ಎಂಬುದರಲ್ಲೂ ಇದೆ. ಪ್ರಯೋಗಶಾಲೆಯ ಮೇಜಿನ ಮೇಲೆ ಈ ಅಂಶವನ್ನು ಅಳೆಯಲು ಬರುವುದಿಲ್ಲ. ಪ್ರಬಂಧ ಇದನ್ನು ಸ್ವಲ್ಪ ಹಗುರವಾಗಿಯೇ ತೆಗೆದುಕೊಂಡಿದೆ ಎಂದು ನನ್ನ ಅಭಿಪ್ರಾಯ. ಕೆಲವೇ ನೂರು ಮತಗಳಿಂದ ನಿರ್ಧಾರವಾಗುವ ಕ್ಷೇತ್ರದಲ್ಲಿ ಬೆರಳೆಣಿಕೆಯ ಯಂತ್ರಗಳು ಸಾಕಲ್ಲವೇ ಎಂದು ಅವರು ಕೇಳಬಹುದು. ಸಾಕು. ಆದರೆ ಅದು ಯಾವ ಕ್ಷೇತ್ರವೆಂದು ಮೊದಲೇ ತಿಳಿದಿರಬೇಕು.

ಮೂರನೆಯದು, ಪ್ರಬಂಧವೇ ಹೇಳದ ಮಾತನ್ನು ಅದರ ಬಾಯಲ್ಲಿ ಹಾಕಿದ್ದು. ಯಾವುದೇ ಚುನಾವಣೆಯಲ್ಲಿ ಹೀಗೆ ಮೋಸ ನಡೆಯಿತೆಂದು ಅದು ಸಾಧಿಸಿಲ್ಲ. ಬೀಗ ತೆರೆಯಬಹುದೆಂದು ತೋರಿಸಿದರೆ ಕಳವಾಗಿದೆ ಎಂದು ತೋರಿಸಿದಂತಾಗದು. ಈ ಭೇದವನ್ನು ಉಳಿಸಿಕೊಳ್ಳದ ಚರ್ಚೆ ವಿಜ್ಞಾನವಾಗುವುದಿಲ್ಲ.

ಉತ್ತರ ಕೊಟ್ಟ ಬಗೆ

ಇಷ್ಟೆಲ್ಲ ಮಿತಿಗಳಿದ್ದರೂ, ಪ್ರಬಂಧಕ್ಕೆ ಸಿಕ್ಕ ಉತ್ತರ ಪ್ರಬಂಧಕ್ಕಿಂತ ಬಹಳ ದುರ್ಬಲವಾಗಿತ್ತು. 2010ರ ಆಗಸ್ಟ್‌ನಲ್ಲಿ ಹರಿ ಪ್ರಸಾದ್ ಅವರ ಬಂಧನವಾಯಿತು. ಪರೀಕ್ಷೆಗೆ ಬಳಸಿದ ಯಂತ್ರ ಮುಂಬಯಿಯ ಸರ್ಕಾರಿ ದಾಸ್ತಾನಿನಿಂದ ಕಳವಾದದ್ದೆಂಬುದು ಆರೋಪ. ಸುಮಾರು ಒಂದು ವಾರದ ಬಳಿಕ ಜಾಮೀನು ದೊರೆಯಿತು. ಯಂತ್ರ ಹೇಗೆ ಬಂತೆಂದು ವಿಚಾರಿಸುವುದು ಕಾನೂನಿನ ಕೆಲಸ, ಅದು ಆಗಲಿ. ಆದರೆ ಸಂಶೋಧಕರು ನ್ಯಾಯವಾಗಿ ಯಂತ್ರ ಪಡೆದು ಪರೀಕ್ಷಿಸಲು ದಾರಿಯೇ ಇರಲಿಲ್ಲ ಎಂಬುದು ಉಳಿದ ಅರ್ಧ ಸತ್ಯ. ಔಷಧವನ್ನು ಹೊರಗಿನ ಪ್ರಯೋಗಶಾಲೆ ಪರೀಕ್ಷಿಸಬಹುದು, ಸಿಮೆಂಟನ್ನು ಪರೀಕ್ಷಿಸಬಹುದು, ತಕ್ಕಡಿಯನ್ನು ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಹಾಕಿ ಪರೀಕ್ಷಿಸುತ್ತಾರೆ. ಮತ ತೂಗುವ ತಕ್ಕಡಿಗೆ ಮಾತ್ರ ಆ ಬಗೆಯ ಸ್ವತಂತ್ರ ಪರೀಕ್ಷೆ ಇಲ್ಲ.

2017ರ ಜೂನ್‌ನಲ್ಲಿ ಆಯೋಗ ರಾಜಕೀಯ ಪಕ್ಷಗಳಿಗೆ ಬಹಿರಂಗ ಸವಾಲು ಹಾಕಿತು: ಯಂತ್ರವನ್ನು ತಿರುಚಿ ತೋರಿಸಿ ಎಂದು. ಆದರೆ ಒಳಗಿನ ಸರ್ಕ್ಯೂಟನ್ನು ಬದಲಿಸುವಂತಿರಲಿಲ್ಲ. ಸ್ಮೃತಿ ಚಿಪ್ಪಿನ ಕಾಲಿಗೆ ಕ್ಲಿಪ್ ಹಾಕುವುದೇ ಆಕ್ಷೇಪಣೆಯ ತಿರುಳಾಗಿರುವಾಗ, ಕ್ಲಿಪ್ ಹಾಕದೆ ತೋರಿಸಿ ಎನ್ನುವ ಪರೀಕ್ಷೆ ಆ ಆಕ್ಷೇಪಣೆಯನ್ನು ಪರೀಕ್ಷಿಸುವುದೇ ಇಲ್ಲ. ಯಾರೂ ಗೆಲ್ಲಲಿಲ್ಲ ಎಂಬುದರಿಂದ ಏನೂ ಸಿದ್ಧವಾಗಲಿಲ್ಲ.

ಗುಟ್ಟೇ ಭದ್ರತೆಯೆ?

ಅಧಿಕೃತ ಉತ್ತರಗಳ ಹಿಂದಿರುವ ತತ್ತ್ವ ಒಂದೇ: ಒಳಗೇನಿದೆಯೆಂದು ಹೊರಗಿನವರಿಗೆ ತಿಳಿಯದಿದ್ದರೆ ಕ್ಷೇಮ. ಗೂಢಲಿಪಿ ಶಾಸ್ತ್ರಜ್ಞರು ಈ ತತ್ತ್ವವನ್ನು ಬಹಳ ಹಿಂದೆಯೇ ಕೈಬಿಟ್ಟಿದ್ದಾರೆ. ಕೀಲಿಯೊಂದನ್ನು ಬಿಟ್ಟು ಉಳಿದೆಲ್ಲವೂ ಶತ್ರುವಿಗೆ ತಿಳಿದಿದ್ದರೂ ವ್ಯವಸ್ಥೆ ಭದ್ರವಾಗಿರಬೇಕೆಂದು ಆಗುಸ್ಟ್ ಕೆರ್ಕಾಫ್ಸ್ 1883ರಲ್ಲೇ ಬರೆದರು. ಸ್ಮೃತಿ ಚಿಪ್ಪುಗಳ ಜಗತ್ತಿನಲ್ಲೇ ಇದಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ.

ನಮ್ಮ ಕಂಪ್ಯೂಟರು, ಮೊಬೈಲುಗಳಲ್ಲಿರುವ ಡಿರ‍್ಯಾಮ್ ಸ್ಮೃತಿ ಈಪ್ರಾಮಿನಂತಲ್ಲ. ಅದರ ಕೋಶ ಒಂದು ಪುಟ್ಟ ಕೆಪಾಸಿಟರ್, ತೂತುಬಿದ್ದ ಕೊಡದಂತೆ. ಅದರೊಳಗಿನ ವಿದ್ಯುದಾವೇಶ ಸೋರುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಕೋಶಗಳು ಸಾಲುಸಾಲಾಗಿ ಇವೆ. ವರ್ಷವರ್ಷಕ್ಕೆ ಅವನ್ನು ಕಿರಿದುಮಾಡಿ ಒತ್ತೊತ್ತಾಗಿ ಜೋಡಿಸುತ್ತ ಬಂದದ್ದರಿಂದ ನೆರೆಹೊರೆಯ ಕಾಟ ಶುರುವಾಯಿತು. ಒಂದು ಸಾಲನ್ನು ತುಂಬ ವೇಗವಾಗಿ ಮತ್ತೆಮತ್ತೆ ತೆರೆದರೆ ಪಕ್ಕದ ಸಾಲಿನ ಆವೇಶ ಬೇಗ ಸೋರಿ, ಮರುತುಂಬುವ ಮೊದಲೇ 1 ಇದ್ದದ್ದು 0 ಆಗಿಬಿಡಬಹುದು. ಇದಕ್ಕೆ 'ರೋ ಹ್ಯಾಮರ್' ಎಂದು ಹೆಸರು. ಸಾಲಿಗೆ ಸುತ್ತಿಗೆ ಏಟು ಎನ್ನೋಣ. ಯೂಂಗು ಕಿಮ್, ಓನುರ್ ಮುತ್ಲು ಮೊದಲಾದವರು 2014ರಲ್ಲಿ 129 ಸ್ಮೃತಿ ಪಟ್ಟಿಗಳನ್ನು ಪರೀಕ್ಷಿಸಿ 110ರಲ್ಲಿ ಈ ದೋಷ ಕಂಡರು. ಇಲ್ಲಿ ಕ್ಲಿಪ್ ಬೇಡ, ಪೆಟ್ಟಿಗೆ ತೆರೆಯುವುದೂ ಬೇಡ. ಸಾಧಾರಣ ತಂತ್ರಾಂಶವೊಂದು ತನ್ನ ಪಾಲಿನ ಸಾಲುಗಳನ್ನು ಓದುತ್ತಲೇ ತನ್ನದಲ್ಲದ ಸಾಲನ್ನು ಕೆಡಿಸಬಲ್ಲದು. 2015ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಇದನ್ನೇ ಬಳಸಿ ಕಂಪ್ಯೂಟರಿನ ಪೂರ್ಣ ಹಿಡಿತ ಪಡೆಯಬಹುದೆಂದು ತೋರಿಸಿದರು.

ಚಿಪ್ ತಯಾರಕರು ಮುಂದಿನ ಪೀಳಿಗೆಯಲ್ಲಿ ರಕ್ಷಣೆ ಸೇರಿಸಿದರು: ಏಟು ಬೀಳುತ್ತಿರುವ ಸಾಲನ್ನು ಗುರುತಿಸಿ ಅದರ ನೆರೆಯನ್ನು ಕೂಡಲೇ ಮರುತುಂಬುವುದು. ಅದು ಹೇಗೆ ನಡೆಯುತ್ತದೆಂಬುದನ್ನು ಮಾತ್ರ ಗುಟ್ಟಾಗಿಟ್ಟರು. ಸಮಸ್ಯೆ ಮುಗಿಯಿತೆಂದು ಘೋಷಣೆಯೂ ಆಯಿತು. 2020ರಲ್ಲಿ ಯೂರೋಪಿನ ಸಂಶೋಧಕರು ಹೊರಗಿನಿಂದಲೇ ಆ ಗುಟ್ಟನ್ನು ಬಿಡಿಸಿ, ಪರೀಕ್ಷಿಸಿದ 42 ಪಟ್ಟಿಗಳಲ್ಲಿ 13ನ್ನು ಕೆಡಿಸಿದರು. 2021ರಲ್ಲಿ ಇನ್ನಷ್ಟು ಜಾಣ ವಿಧಾನದಿಂದ ಪರೀಕ್ಷಿಸಿದ 40ಕ್ಕೆ 40ರಲ್ಲೂ ಬಿಟ್‌ಗಳು ಪಲ್ಟಿಯಾದವು. ಗುಟ್ಟು ಆಕ್ರಮಣವನ್ನು ತಡೆಯಲಿಲ್ಲ. ಪ್ರಾಮಾಣಿಕ ಪರೀಕ್ಷೆಯನ್ನು ಕೆಲವು ವರ್ಷ ತಡಮಾಡಿತು, ಅಷ್ಟೇ.

ಇದರಿಂದ ಮತಯಂತ್ರಕ್ಕೂ ಸುತ್ತಿಗೆ ಏಟು ತಗಲುತ್ತದೆಂದು ತಿಳಿಯಬಾರದು. ಈಪ್ರಾಮ್ ಬೇರೆ ಜಾತಿ. ಮತಯಂತ್ರದಲ್ಲಿ ಹೊರಗಿನ ತಂತ್ರಾಂಶ ಓಡುವುದೂ ಇಲ್ಲ. ಸಾಮ್ಯ ಇರುವುದು ಭೌತಶಾಸ್ತ್ರದಲ್ಲಲ್ಲ, ಧೋರಣೆಯಲ್ಲಿ. ಒಂದು ವ್ಯತ್ಯಾಸವನ್ನೂ ಗಮನಿಸಬೇಕು. ಡಿರ‍್ಯಾಮ್ ಪಟ್ಟಿಯನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಂಡು ಪರೀಕ್ಷಿಸಬಹುದು. ಅದರಿಂದಲೇ ತಯಾರಕರ ಹೇಳಿಕೆ ಸುಳ್ಳೆಂದು ತಿಳಿಯಿತು. ಮತಯಂತ್ರವನ್ನು ಕೊಳ್ಳಲು ಬರುವುದಿಲ್ಲ.

ಗುಟ್ಟಿಗೂ ಒಂದು ಜಾಗವಿದೆ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ತಯಾರಿಸುತ್ತಿರುವ ಅಳಿಸಲಾಗದ ಶಾಯಿಯ ಸೂತ್ರ ಗುಟ್ಟು. ಆದರೆ ಆ ಶಾಯಿ ಕೆಲಸ ಮಾಡಿತೇ ಇಲ್ಲವೇ ಎಂಬುದು ಗುಟ್ಟಲ್ಲ. ಪ್ರತಿಯೊಬ್ಬರ ಎಡಗೈ ತೋರುಬೆರಳಿನ ಮೇಲೆ ದಿನಗಟ್ಟಲೆ ಕಾಣುತ್ತಿರುತ್ತದೆ. ಸೂತ್ರ ತಿಳಿಯದ ಅಜ್ಜಿಯೂ ಅದನ್ನು ಸೋಪು ಹಾಕಿ ಉಜ್ಜಿ ಪರೀಕ್ಷಿಸಬಲ್ಲಳು. ಮತಯಂತ್ರದ ಸ್ಮೃತಿಗೆ ಇಂಥ ಬೆರಳು ಯಾವುದು?

ಚೀಟಿಯೂ ಐದು ಮತಗಟ್ಟೆಯ ಲೆಕ್ಕವೂ

ಆ ಬೆರಳೇ ವಿವಿಪ್ಯಾಟ್ ಎಂಬ ಮುದ್ರಣ ಯಂತ್ರ. ಮತದಾರರು ಗುಂಡಿ ಒತ್ತಿದಾಗ ಚಿಹ್ನೆಯಿರುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಪೆಟ್ಟಿಗೆಗೆ ಬೀಳುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಇದು ಮೊದಲು ಬಳಕೆಯಾಯಿತು. ಮರು ತಿಂಗಳೇ ಸರ್ವೋಚ್ಚ ನ್ಯಾಯಾಲಯ ಇಂಥ ಕಾಗದದ ದಾಖಲೆ ಅನಿವಾರ್ಯವೆಂದು ಹೇಳಿತು. 2019ರ ಲೋಕಸಭಾ ಚುನಾವಣೆಯಿಂದ ಎಲ್ಲ ಮತಗಟ್ಟೆಗಳಲ್ಲೂ ಇದೆ. 2010ರ ಪ್ರಬಂಧಕ್ಕೆ ದೊರೆತ ನಿಜವಾದ ಉತ್ತರ ಇದು. ಚಿಪ್ಪಿನ ಕಾಲಿಗೆ ಕ್ಲಿಪ್ ಹಾಕಿ ಎಲೆಕ್ಟ್ರಾನುಗಳನ್ನು ಬದಲಿಸಬಹುದು; ಪೆಟ್ಟಿಗೆಗೆ ಬಿದ್ದ ಚೀಟಿ ಬದಲಾಗುವುದಿಲ್ಲ.

ಆದರೆ ಚೀಟಿ ಇದ್ದರೆ ಸಾಲದು, ಎಣಿಸಬೇಕು. 2019ರ ಏಪ್ರಿಲ್‌ನಲ್ಲಿ ನ್ಯಾಯಾಲಯ ನಿಗದಿಪಡಿಸಿದ್ದು, ಪ್ರತಿ ವಿಧಾನಸಭಾ ವಿಭಾಗಕ್ಕೆ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳಲ್ಲಿ ತಾಳೆ ನೋಡುವುದು. ಇದು ಸಾಕೇ? ಪಿಯುಸಿ ಗಣಿತದಲ್ಲೇ ಲೆಕ್ಕ ಹಾಕಬಹುದು. ಒಂದು ವಿಭಾಗದಲ್ಲಿ 250 ಮತಗಟ್ಟೆಗಳಿವೆ, ಅವುಗಳಲ್ಲಿ 10 ಯಂತ್ರಗಳು ಕೆಟ್ಟಿವೆ ಎಂದುಕೊಳ್ಳಿ. ಆರಿಸಿದ ಐದೂ ಒಳ್ಳೆಯವೇ ಆಗಿರುವ ಸಂಭಾವ್ಯತೆ 240/250 × 239/249 × 238/248 × 237/247 × 236/246. ಅಂದರೆ ಸುಮಾರು 0.81. ಐದರಲ್ಲಿ ನಾಲ್ಕು ಸಲ ಮೋಸ ಕಣ್ಣಿಗೆ ಬೀಳುವುದೇ ಇಲ್ಲ. 50 ಯಂತ್ರಗಳು ಕೆಟ್ಟಿದ್ದರೂ ತಪ್ಪಿಸಿಕೊಳ್ಳುವ ಸಂಭಾವ್ಯತೆ ಸುಮಾರು 0.32.

ಇದನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮೊಳಕಾಲ್ಮೂರು, ಚಳ್ಳಕೆರೆ ಸೇರಿ ಎಂಟು ವಿಧಾನಸಭಾ ವಿಭಾಗಗಳಿವೆ. ತಾಳೆಯಾಗುವುದು 40 ಮತಗಟ್ಟೆಗಳು. ಎಲ್ಲ ವಿಭಾಗಗಳಲ್ಲೂ ನೂರಕ್ಕೆ ನಾಲ್ಕು ಯಂತ್ರಗಳು ಕೆಟ್ಟಿದ್ದರೆ ಒಂದಾದರೂ ಸಿಕ್ಕಿಬೀಳುವ ಸಂಭಾವ್ಯತೆ ಸುಮಾರು 0.8. ದೇಶವ್ಯಾಪಿ ಮೋಸವಂತೂ ಅಡಗಿರಲಾರದು. ಈವರೆಗಿನ ಸಾವಿರಾರು ತಾಳೆಗಳಲ್ಲಿ ಮತ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾದ ಪ್ರಕರಣ ಸಿಕ್ಕಿಲ್ಲವೆಂಬುದು ಆದ್ದರಿಂದ ಗಟ್ಟಿಯಾದ ಸಾಕ್ಷ್ಯ. ಹಾಗಾಗಿ, ದೇಶದ ಮಟ್ಟದಲ್ಲಿ ಯಂತ್ರಗಳನ್ನು ತಿರುಚಲಾಗಿದೆ ಎನ್ನುವವರ ವಾದ ಈ ಗಣಿತದ ಎದುರು ನಿಲ್ಲುವುದಿಲ್ಲ. ಒಂದೇ ವಿಧಾನಸಭಾ ಕ್ಷೇತ್ರದಲ್ಲಿ, ಅಲ್ಪ ಅಂತರದ ಸ್ಪರ್ಧೆಯಲ್ಲಿ, ಕೆಲವೇ ಯಂತ್ರಗಳನ್ನು ಮುಟ್ಟಿದರೆ ಗೊತ್ತಾಗುತ್ತದೆ ಎನ್ನುವವರ ವಾದವೂ ನಿಲ್ಲುವುದಿಲ್ಲ. ಗೆಲುವಿನ ಅಂತರ ಕಿರಿದಾದಷ್ಟೂ ಹೆಚ್ಚು ಮತಗಟ್ಟೆಗಳ ಚೀಟಿ ಎಣಿಸುವುದು ಸಂಖ್ಯಾಶಾಸ್ತ್ರ ಸೂಚಿಸುವ ದಾರಿ. ಎಲ್ಲ ಕಡೆಯೂ ಐದೇ ಎಂಬುದಕ್ಕೆ ಆಡಳಿತದ ಅನುಕೂಲ ಕಾರಣವಿರಬಹುದು, ಗಣಿತದ ಆಧಾರವಿಲ್ಲ.

2024ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯ ಮತಪತ್ರಕ್ಕೆ ಮರಳುವ, ಎಲ್ಲ ಚೀಟಿಗಳನ್ನೂ ಎಣಿಸುವ ಬೇಡಿಕೆಗಳನ್ನು ತಳ್ಳಿಹಾಕಿತು. ಜೊತೆಗೆ ಸ್ಮೃತಿಯ ವಿಷಯದಲ್ಲಿ ಒಂದು ಹೊಸ ಅವಕಾಶ ಕೊಟ್ಟಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಕೇಳಿದರೆ, ಪ್ರತಿ ವಿಧಾನಸಭಾ ವಿಭಾಗದ ನೂರಕ್ಕೆ ಐದು ಯಂತ್ರಗಳ ಮೈಕ್ರೋಕಂಟ್ರೋಲರ್ ಸ್ಮೃತಿಯನ್ನು ತಯಾರಕ ಸಂಸ್ಥೆಯ ಎಂಜಿನಿಯರುಗಳು ಪರಿಶೀಲಿಸಬೇಕು. ಹದಿನಾಲ್ಕು ವರ್ಷಗಳ ಹಿಂದಿನ ಪ್ರಶ್ನೆ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಓದಲಾಗದ ಸ್ಮೃತಿಯನ್ನು ಪರಿಶೀಲಿಸುವುದು ಹೇಗೆ? ಆಯೋಗ ಮೊದಲು ರೂಪಿಸಿದ ವಿಧಾನ ಮುಖ್ಯವಾಗಿ ಅಣಕು ಮತದಾನವನ್ನೇ ಆಧರಿಸಿತ್ತು. ಅಣಕು ಮತದಾನದಿಂದ ಯಂತ್ರ ಈಗ ಸರಿಯಾಗಿ ನಡೆದುಕೊಳ್ಳುತ್ತಿದೆ ಎಂದು ತಿಳಿಯುತ್ತದೆ. ಅಂದು ಹೇಗೆ ನಡೆದುಕೊಂಡಿತೆಂದಾಗಲಿ, ಅದರೊಳಗೆ ಏನು ಬರೆದಿದೆಯೆಂದಾಗಲಿ ತಿಳಿಯುವುದಿಲ್ಲ. ಪರಿಶೀಲನೆಯ ವೇಳೆ ದತ್ತವನ್ನು ಅಳಿಸಬೇಡಿ, ಮರುತುಂಬಬೇಡಿ ಎಂದು 2025ರ ಫೆಬ್ರವರಿಯಲ್ಲಿ ನ್ಯಾಯಾಲಯವೇ ಹೇಳಬೇಕಾಯಿತು. ಇನ್ನು, ಮಾಡಿದವರೇ ಪರೀಕ್ಷಕರೂ ಆಗುವುದು ಯಾವ ಪ್ರಯೋಗಶಾಲೆಯಲ್ಲೂ ಒಪ್ಪಿಗೆಯಾಗುವ ಕ್ರಮವಲ್ಲ. ಬಿ.ಇ.ಎಲ್. ಎಂಜಿನಿಯರುಗಳ ಸಾಮರ್ಥ್ಯದ ಬಗ್ಗೆ ಸಂಶಯವಿಲ್ಲದವರೂ ಈ ಆಕ್ಷೇಪಣೆ ಎತ್ತಬಹುದು.

ನಮ್ಮಿಂದ ಆಗಬಹುದಾದ್ದು

ವಿದ್ಯುನ್ಮಾನ ಮತದಾನದ ಹಂತಗಳನ್ನು ಸಾಮಾನ್ಯ ಪ್ರಜೆ ವಿಶೇಷ ಪರಿಣತಿಯಿಲ್ಲದೆ ಪರಿಶೀಲಿಸಬರಬೇಕು ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್‌ನಲ್ಲಿ ಹೇಳಿತು. ನಮ್ಮಲ್ಲಿ ಪರಿಣತಿಯನ್ನೇ ಸಾಮಾನ್ಯರ ಹತ್ತಿರಕ್ಕೆ ತರುವ ಅವಕಾಶವೂ ಇದೆ. ನಾಯಕನಹಟ್ಟಿಯ ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಆ ಸೀಮೆಯ ಜನ ದನ ಕುರಿ ಮೇಯಿಸುತ್ತಿದ್ದ ಕಾವಲು ಭೂಮಿಯಲ್ಲಿ ಸಂಸ್ಥೆಗೆ ದೊರೆತದ್ದು 1,500 ಎಕರೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಚುನಾವಣೆಯ ದಿನ ಮತಗಟ್ಟೆಯಲ್ಲಿ ಕೂರುವವರಲ್ಲೂ ಅನೇಕರು ಇಂಥ ಶಿಕ್ಷಕರೇ. ಪೇಟೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಈಪ್ರಾಮ್ ಚಿಪ್ ಒಂದು, ಮೈಕ್ರೋಕಂಟ್ರೋಲರ್ ಒಂದು, ಎರಡು ತಂತಿ ಇಟ್ಟುಕೊಂಡು, ಸ್ಮೃತಿಯನ್ನು ಬರೆಯುವುದು ಹೇಗೆ, ತಿದ್ದುವುದು ಹೇಗೆ, ತಿದ್ದಿದ್ದನ್ನು ಗೂಢಲಿಪಿಯ ಸಹಿಯಿಂದ ಪತ್ತೆಮಾಡುವುದು ಹೇಗೆ ಎಂದು ಅರ್ಧ ದಿನದಲ್ಲಿ ಮಾಡಿ ತೋರಿಸಬಹುದು. ಇದಕ್ಕೆ ನಿಜವಾದ ಮತಯಂತ್ರ ಬೇಡ, ಯಾರ ಅಪ್ಪಣೆಯೂ ಬೇಡ. ಇಂಥ ಪ್ರಯೋಗ ಮಾಡಿದ ಶಿಕ್ಷಕರು ಮತಗಟ್ಟೆಯಲ್ಲಿ ಮೊಹರನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಮಾಡಬೇಕಾದ ಉಳಿದ ಕೆಲಸ ಅಧಿಕಾರದಲ್ಲಿರುವವರದು. ಮತಯಂತ್ರದ ವಿನ್ಯಾಸವನ್ನೂ ತಂತ್ರಾಂಶವನ್ನೂ ಸ್ವತಂತ್ರ ಪರೀಕ್ಷಕರಿಗೆ ತೆರೆಯಬೇಕು. ಸ್ಮೃತಿಯೊಳಗಿನ ತಂತ್ರಾಂಶ ಒಪ್ಪಿಗೆಯಾದದ್ದೇ ಎಂದು ಹೊರಗಿನವರೂ ತಾಳೆ ನೋಡಬಲ್ಲ ವಿನ್ಯಾಸವನ್ನು ಮುಂದಿನ ಪೀಳಿಗೆಯಲ್ಲಿ ತರಬೇಕು. ಚೀಟಿ ಎಣಿಕೆಯನ್ನು ಗೆಲುವಿನ ಅಂತರಕ್ಕೆ ಹೊಂದಿಸಬೇಕು. ಇವು ಯಾವುವೂ ಕಾಗದದ ಮತಪತ್ರ ಮತ್ತು ಬೂತು ಲೂಟಿಯ ದಿನಗಳಿಗೆ ಮರಳುವ ಬೇಡಿಕೆಗಳಲ್ಲ. ಯಂತ್ರದ ಅನುಕೂಲವನ್ನು ಉಳಿಸಿಕೊಂಡೇ ಮಾಡಬಹುದಾದವು.

ಹರಿ ಪ್ರಸಾದ್ ಮತ್ತು ಸಂಗಡಿಗರ ಪ್ರಬಂಧ ಪರಿಪೂರ್ಣವಲ್ಲ. ಒಂದೇ ಯಂತ್ರ ನೋಡಿತು, ಯಂತ್ರದ ಸುತ್ತ ನಿಂತ ಜನರನ್ನು ಸಾಕಷ್ಟು ನೋಡಲಿಲ್ಲ. ಆದರೆ ಅದು ಕೇಳಿದ ಪ್ರಶ್ನೆ ಸರಿಯಾದದ್ದು. ಸೋತವರಿಗೂ ತಾವು ಸೋತದ್ದು ಹೌದೆಂದು ಮನದಟ್ಟಾಗಿಸುವುದು ಚುನಾವಣೆಯ ದೊಡ್ಡ ಕೆಲಸ. ಮುಚ್ಚಿದ ಚಿಪ್‌ನಿಂದ ಆ ಕೆಲಸ ಆಗದು. ತೆರೆದ ಪರೀಕ್ಷೆಯಿಂದ ಆದೀತು.